ಮೆಣಸಿನ ಗಿಡ ಮುಟುರಾಗ್ಯಾವ, ಎರಡು ಸಲ ಎಣ್ಣಿ (ಕೀಟನಾಶಕ) ಹೊಡೆದ್ರೂ ಜಗ್ಗವಲ್ದು

ಕುಂದಗೋಳ_ಎರಿಹೊಲ:
30 ಗುಂಟೆ ಬ್ಯಾಡಗಿ ಕಡ್ಡಿ ತಳಿ ಮೆಣಸಿನಕಾಯಿ, ನಡುವ ಉಳ್ಳಾಗಡ್ಡಿ. ಅಗಿ ಹಚ್ಚಿ 55 ದಿನ ಆತು. ಕುಡಿ ಎಲಿ ಮುಟುರ್ಯಾವ, ಹೂ ಉದುರಾಕತ್ತಾವ. ಅಂಗಡ್ಯಾಗ ಮೊದ್ಲ ಇಮಿಡಾಕ್ಲೋಪ್ರಿಡ್ ಕೊಟ್ರು, ಆಮ್ಯಾಲ ಪ್ರೊಫೆನೋಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿದ್ದು. 12 ದಿನದಾಗ ಎರಡೂ ಹೊಡೆದಾತು, ಇನ್ನೂ ಜಾಸ್ತಿ ಆಗೇತಿ. ಮೂರ್ನೇದ್ದು ಯಾವುದು ಹೊಡೀಬೇಕ್ರಿ?

ರಾಣೇಬೆನ್ನೂರ_ತ್ವಾಟ:
ಮೂರ್ನೇದ್ದು ಆಮ್ಯಾಲ್ರಿ ಅಣ್ಣಾರ, ಮೊದ್ಲ ಎಲಿ ಯಾವ ಕಡೆ ಮಡಚೇತಿ ಹೇಳ್ರಿ. ಮುಟುರು ಅಂತ ಒಂದ ಹೆಸರಿನ್ಯಾಗ ಮೂರು ಬ್ಯಾರೆ ತ್ರಾಸು ಇರ್ತಾವ. ಅಂಚು ಮ್ಯಾಲಕ್ಕ ಎದ್ದು ಎಲಿ ದೋಣಿ ಹಂಗ ಆಗಿದ್ರ ಥ್ರಿಪ್ಸ್, ಅಂದ್ರ ರಸ ಹೀರೋ ಸಣ್ಣ ಹುಳ. ಬೋರಲ ಹಾಕಿದ ದೋಣಿ ಹಂಗ ಕೆಳಗ ಮಡಚಿ, ತೊಟ್ಟು ಇಲಿ ಬಾಲದಂಗ ಉದ್ದಾಗಿದ್ರ ಮೈಟ್ ನುಸಿ. ಎಲಿ ಸಣ್ಣಾಗಿ, ನರ ದಪ್ಪಾಗಿ, ಗಿಡ ಗಿಡ್ಡಾಗಿ ಪೊದಿ ಹಂಗ ನಿಂತಿದ್ರ ವೈರಸ್, ಅದನ್ನ ತರೋದು ಬಿಳಿ ನೊಣ.

ಹೊಲದ ನಾಲ್ಕು ಮೂಲಿ, ನಡುವ ಒಂದ ಕಡೆ, ಒಟ್ಟು 20 ಗಿಡ ನೋಡ್ರಿ. ಕುಡಿಯನ್ನ ಬಿಳಿ ಹಾಳಿ ಮ್ಯಾಲ ಬಡೀರಿ. ಸಣ್ಣ ಹಳದಿ ಗೀಟಿನಂಥದ್ದು ಓಡಾಡಿದ್ರ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಸಿಗಂಗಿಲ್ಲ. 10 ಪಟ್ಟಿನ ಭೂತಗನ್ನಡಿ ಹಿಡಿದು ಎಳಿ ಎಲಿ ಹಿಂಬದಿ ನೋಡ್ರಿ, ಹೊಳೆಯೋ ಹನಿ ಹಂಗ ಹರಿದಾಡ್ತಾವ. ಅವುಗಳ ತತ್ತಿ ಮ್ಯಾಲ ಬಿಳಿ ಚುಕ್ಕಿ ಸಾಲು ಇರ್ತೈತಿ, ಒಮ್ಮೆ ಕಂಡ್ರ ಮರೆಯಂಗಿಲ್ಲ.

ಕುಂದಗೋಳ_ಎರಿಹೊಲ:
ನೋಡಿದೆ ರೀ. 14 ಗಿಡದಾಗ ಕೆಳಗ ಮಡಚೇತಿ, ತೊಟ್ಟು ಉದ್ದ. 2 ಗಿಡ ಗಿಡ್ಡ, ಎಲಿ ಸಣ್ಣ. ಉಳಿದವು ಚಲೋ ಅದಾವ.

ಧಾರವಾಡದ_ಭೂತಗನ್ನಡಿ:
ಹಾಗಾದರೆ ಮುಖ್ಯ ತೊಂದರೆ ಹಳದಿ ಮೈಟ್. ಇಮಿಡಾಕ್ಲೋಪ್ರಿಡ್ ಕೀಟಗಳಿಗೆ ಹೊಡೆಯುವ ಔಷಧಿ. ಮೈಟ್ ಜೇಡದ ಬಳಗದ್ದು, ಅದಕ್ಕೆ ತಾಗುವುದಿಲ್ಲ. ಪ್ರೊಫೆನೋಫಾಸ್ ಅಷ್ಟಿಷ್ಟು ಹಿಡಿದರೂ, ಜೊತೆಗಿದ್ದ ಸೈಪರ್‌ಮೆಥ್ರಿನ್ ಮೈಟನ್ನು ತಿನ್ನುವ ಪರಭಕ್ಷಕ ನುಸಿಗಳನ್ನೇ ಕೊಂದಿರುತ್ತದೆ. ಹೊಡೆದ ಮೇಲೆ ಹೆಚ್ಚಾಗಿದ್ದು ಅದಕ್ಕೇ.

ಮೈಟ್ ಕೊಲ್ಲುವ ಫೆನಾಜಾಕ್ವಿನ್ 10 ಇಸಿ (ಅಂಕಿ, ಅಕ್ಷರ ಲೇಬಲ್ ಮೇಲಿನ ಸಾಂದ್ರತೆ, ರೂಪದ ಗುರುತು) ಲೀಟರಿಗೆ 2 ಮಿಲಿ, ಅಂದರೆ 16 ಲೀಟರ್ ಪಂಪಿಗೆ 32 ಮಿಲಿ. ಇಲ್ಲವೇ ಸ್ಪೈರೋಮೆಸಿಫೆನ್ 22.9 ಎಸ್‌ಸಿ ಲೀಟರಿಗೆ 0.8 ಮಿಲಿ, ಪಂಪಿಗೆ ಸುಮಾರು 13 ಮಿಲಿ. ಒಂದನ್ನೇ ಹೊಡೆಯಿರಿ, ಎರಡನ್ನೂ ಕೂಡಿಸಬೇಡಿ. 30 ಗುಂಟೆಗೆ 9-10 ಪಂಪು ಬೇಕೇ ಬೇಕು. ಐದು ಪಂಪಿನಲ್ಲಿ ಮುಗಿಸಿದರೆ ಎಲೆಯ ಮೇಲ್ಭಾಗ ತೊಯ್ಯುತ್ತದೆ, ಮೈಟ್ ಹಿಂಬದಿಯಲ್ಲಿ ಆರಾಮಾಗಿರುತ್ತದೆ. ನಾಜಲ್ ಮೇಲ್ಮುಖ ಮಾಡಿ, ಕೆಳಗಿನಿಂದ ಕುಡಿಯ ಕಡೆಗೆ, ಸಂಜೆ ಹೊತ್ತು.

10-12 ದಿನ ಬಿಟ್ಟು ಎಳೆ ಕುಡಿಯಲ್ಲಿ ಮೈಟ್ ಇನ್ನೂ ಕಂಡರೆ ಮಾತ್ರ ನೀರಿನಲ್ಲಿ ಕರಗುವ ಗಂಧಕ 80 ಡಬ್ಲ್ಯೂಪಿ, ಲೀಟರಿಗೆ 3 ಗ್ರಾಂ. ಸುಡು ಬಿಸಿಲಲ್ಲಿ ಬೇಡ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ನಡುವಿನ ಉಳ್ಳಾಗಡ್ಡಿಗೂ ಸಿಡಿಯುತ್ತದಲ್ಲ, ಅದರ ತಪ್ಪಲು ಕಿತ್ತು ಸಂತೆಗೆ ಒಯ್ಯಬೇಡಿ. ಹಸಿಕಾಯಿ ಹರಿಯುವುದಿದ್ದರೆ ಲೇಬಲ್ ಮೇಲಿನ ಕಾಯುವ ದಿನ ಮುಗಿಯಲಿ.

ರೋಣ_ಬದು:
ಹೂ ಉದುರೋದನ್ನ ಬರೇ ಮೈಟ್ ಮ್ಯಾಲ ಹಾಕಬ್ಯಾಡ್ರಿ. 2021ರಾಗ ಆಂಧ್ರ, ತೆಲಂಗಾಣ, ನಮ್ಮ ರಾಜ್ಯದಾಗೂ ಮೆಣಸಿನಕಾಯಿ ಹಾಳು ಮಾಡಿದ ಕಪ್ಪು ಥ್ರಿಪ್ಸ್ ಹೂವಿನ್ಯಾಗ ಕೂಡ್ತೈತಿ. ಹತ್ತು ಹೂ ಹರಿದು ಹಾಳಿ ಮ್ಯಾಲ ಜಾಡಿಸ್ರಿ, ಕರೀ ಗೀಟು ಓಡಾಡಿದ್ರ ಅದ. ಆಗ ಸ್ಪೈನೆಟೋರಾಮ್ 11.7 ಎಸ್‌ಸಿ ಲೀಟರಿಗೆ 1 ಮಿಲಿ. ಕಾಣಲಿಲ್ಲಾ ಅಂದ್ರ ರೊಕ್ಕ ಉಳಿಸ್ರಿ, ತುಟ್ಟಿ ಎಣ್ಣಿ ಅದು. ನೀಲಿ ಅಂಟು ಹಾಳಿ ಎಕರೆಗೆ 20-25 ಸಾಕು, ಕುಡಿಗಿಂತ ಒಂದು ಗೇಣು ಮ್ಯಾಲ ಇರಬೇಕು.

ಆ ಗಿಡ್ಡ ಗಿಡಕ್ಕ ಯಾವ ಎಣ್ಣೀನೂ ಇಲ್ಲ, ಕೀಳ್ರಿ. ಆದ್ರ ಮುಂಜಾನೆ ತಂಪಿನ್ಯಾಗ, ಚೀಲ ಹೊದಿಸಿ ಕಿತ್ತು ಹೊಲದ ಹೊರಗ ಹೂಳ್ರಿ. ಬದುವಿನ ಮ್ಯಾಲ ಒಗೆದ್ರ ಬಿಳಿ ನೊಣ ಹೊಳ್ಳಿ ಬಾಜೂ ಗಿಡಕ್ಕ ಹೊಕ್ಕಾವ. ಮುಂದಿನ ಸಲ ಹೊಲದ ಸುತ್ತ ಗೋವಿನಜೋಳ 2-3 ಸಾಲು, ಅಗಿ ಹಚ್ಚೋ ಎರಡು ವಾರ ಮೊದ್ಲ ಬಿತ್ರಿ. ಸದ್ಯಕ್ಕ ಯೂರಿಯಾ ಬ್ಯಾಡ, ಎಳಿ ಕುಡಿ ಹೆಚ್ಚಾದಷ್ಟೂ ಮೈಟ್‌ಗೆ ಹಬ್ಬ.

ಕುಂದಗೋಳ_ಎರಿಹೊಲ:
ಹೂವಿನ್ಯಾಗ ಕರೀದು ಇಲ್ರಿ. ಫೆನಾಜಾಕ್ವಿನ್ ತರ್ತೀನಿ. ಎಲಿ ಎಷ್ಟು ದಿನಕ್ಕ ಬಿಚ್ಚಿಕೊಳ್ತಾವ?

ರಾಣೇಬೆನ್ನೂರ_ತ್ವಾಟ:
ಮುಟುರಿದ ಎಲಿ ಬಿಚ್ಚಂಗಿಲ್ರಿ, ಹಂಗ ಇರ್ತಾವ. 8-10 ದಿನಕ್ಕ ಬರೋ ಹೊಸಾ ಕುಡಿ ನೋಡ್ರಿ. ಅದು ಸಪಾಟ ಬಂದಿದ್ರ ಎಣ್ಣಿ ಹತ್ತೇತಿ ಅಂತ. ಹಳೇ ಎಲಿ ನೋಡಿ ಮತ್ತೊಂದು ಬಾಟ್ಲಿ ತರಬ್ಯಾಡ್ರಿ.