ಢೋಕ್ಲಾ ಮೇಲೆ ಕೆಂಪು ಚುಕ್ಕೆ, ಬಾಯಿಗೆ ಸಾಬೂನು ರುಚಿ. ಎಲ್ಲಿ ತಪ್ಪುತ್ತಿದೆ?

ಒಗ್ಗರಣೆ ಸೌಟು:
ಮೂರು ಸಲ ಮಾಡಿದೆ, ಮೂರು ಸಲವೂ ಇದೇ ಕಥೆ. ಎರಡು ಕಪ್ ಕಡಲೆಹಿಟ್ಟು, ಕಾಲು ಚಮಚ ಅರಿಸಿನ, ಒಂದು ನಿಂಬೆಹಣ್ಣಿನ ರಸ, ಉಪ್ಪು, ಸಕ್ಕರೆ. ಮೊದಲು ಕೊನೆಯಲ್ಲಿ ಒಂದು ಪ್ಯಾಕೆಟ್ ಈನೋ ಹಾಕುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಈಗ ಅದು ಖಾಲಿ. ಈನೋ ಅಂದರೂ ಸೋಡಾನೇ ಅಲ್ವಾ ಅಂತ ಅಷ್ಟೇ ತೂಕ, 5 ಗ್ರಾಂ ಅಡುಗೆ ಸೋಡಾ ಹಾಕಿದೆ. ಉಬ್ಬುವುದೇನೋ ಉಬ್ಬುತ್ತದೆ. ಆದರೆ ಮೇಲೆಲ್ಲ ಇಟ್ಟಿಗೆ ಬಣ್ಣದ ಚುಕ್ಕೆ, ನಾಲಿಗೆಗೆ ಸಾಬೂನು ಸವರಿದ ಹಾಗೆ. ಸೋಡಾ ಹಳೆಯದಿರಬೇಕು ಅಂತ ಹೊಸ ಪ್ಯಾಕೆಟ್ ತಂದೆ. ಇನ್ನೂ ಕೆಟ್ಟಿತು!

ಕರಿಬೇವು:
ಅರಿಸಿನ ಕಲಬೆರಕೆ ಇರಬೇಕು ಅಕ್ಕ. ಬೇರೆ ಅಂಗಡಿಯದ್ದು ತಂದು ನೋಡಿ.

ಲ್ಯಾಬ್ ಮೇಷ್ಟ್ರು:
ಅರಿಸಿನವನ್ನು ಸುಮ್ನೆ ಬೈಯಬೇಡಿ. ಕಲಬೆರಕೆಗೆ ಬಳಸುವ ಮೆಟಾನಿಲ್ ಯೆಲ್ಲೋ ಕೆಂಪಗಾಗುವುದು ಗಟ್ಟಿ ಆಸಿಡ್ ಬಿದ್ದಾಗ. ಇಲ್ಲಿ ನಡೆದಿರುವುದು ಅದರ ಉಲ್ಟಾ. ಅಪ್ಪಟ ಅರಿಸಿನವೇ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಆರತಿಗೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುತ್ತೇವಲ್ಲ, ಅದೇ ಆಟ. ಸೋಡಾವನ್ನು ಒಣದಾಗಿಯೇ ಉದುರಿಸಿದಿರಾ?

ಒಗ್ಗರಣೆ ಸೌಟು:
ಹೌದು ಸರ್, ಉದುರಿಸಿ ಎರಡು ಸುತ್ತು ತಿರುಗಿಸಿದೆ. ಜಾಸ್ತಿ ಕಲಸಿದರೆ ಗಾಳಿ ಹೋಗುತ್ತದೆ ಅಂತ ಭಯ.

ಲ್ಯಾಬ್ ಮೇಷ್ಟ್ರು:
ಚುಕ್ಕೆಗೆ ಅದೇ ಕಾರಣ. ಕರಗದೆ ಉಳಿದ ಒಂದೊಂದು ಕಾಳಿನ ಸುತ್ತ ಒಂದೊಂದು ಓಕುಳಿ.

ರುಚಿಯದ್ದು ಬೇರೆ ಲೆಕ್ಕ. ಈನೋ ಪ್ಯಾಕೆಟ್ಟಿನಲ್ಲಿ ಸೋಡಾ ಹೆಚ್ಚುಕಡಿಮೆ ಅರ್ಧ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು. ಸೋಡಾಕ್ಕೆ ಬೇಕಾದ ಹುಳಿ ಅದರ ಜೊತೆಯಲ್ಲೇ ಇರುತ್ತದೆ. ನೀವು ಹಾಕಿದ್ದು ಬರೀ ಸೋಡಿಯಂ ಬೈಕಾರ್ಬೊನೇಟ್. 4 ಗ್ರಾಂ ಸೋಡಾ ಪೂರ್ತಿ ಖರ್ಚಾಗಲು ಸುಮಾರು 3 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ನಿಂಬೆರಸದಲ್ಲಿ ಅದು ನೂರಕ್ಕೆ ಐದು ಪಾಲು. ನಿಮ್ಮ ಹಣ್ಣಿನಿಂದ 30 ಮಿಲಿ ರಸ ಬಂತು ಅಂದುಕೊಂಡರೂ ಒಂದೂವರೆ ಗ್ರಾಂ. ಅದು ತಿಂದು ಮುಗಿಸುವುದು 2 ಗ್ರಾಂ ಸೋಡಾ. ಮಿಕ್ಕ 3 ಗ್ರಾಂ ಎಲ್ಲಿಗೆ ಹೋಗಬೇಕು?

ಹಬೆಯ ಬಿಸಿಗೆ ಅದು ಒಡೆಯತೊಡಗುತ್ತದೆ. ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಆದರೆ ಹುಳಿ ಸಿಕ್ಕಿದ್ದರೆ ಬರುತ್ತಿದ್ದುದರ ಅರ್ಧ. ಹಿಂದೆ ಉಳಿಯುವುದು ಸೋಡಿಯಂ ಕಾರ್ಬೊನೇಟ್. ಅಂಗಡಿಯಲ್ಲಿ ಅದರ ಹೆಸರು ವಾಷಿಂಗ್ ಸೋಡಾ! ಹಿಂದಿನವರು ಬಟ್ಟೆ ಒಗೆಯುತ್ತಿದ್ದ ಚೌಳು ಮಣ್ಣಿನಲ್ಲೂ ಇದೇ ಇತ್ತು. ಸಾಬೂನು ರುಚಿ ಅಂದಿರಲ್ಲ, ನಿಮ್ಮ ನಾಲಿಗೆ ಸರಿಯಾಗೇ ಇದೆ.

ಮುಂದಿನ ಸಲ 2 ಗ್ರಾಂ ಸಾಕು, ಅರ್ಧ ಟೀ ಚಮಚಕ್ಕಿಂತ ತುಸು ಕಮ್ಮಿ. ಒಂದೆರಡು ಚಮಚ ನೀರಿನಲ್ಲಿ ಕದಡಿ, ಕೊನೆಯಲ್ಲಿ ಸುರಿದು ಚೆನ್ನಾಗಿ ತಿರುಗಿಸಿ, ತಕ್ಷಣ ಹಬೆಗಿಡಿ. ಪಾತ್ರೆಯ ನೀರು ಮೊದಲೇ ಕುದಿಯುತ್ತಿರಲಿ.

ಕರಿಬೇವು:
ಓಹೋ! ಬಿಳಿ ಅಂಗಿಯ ಸಾರಿನ ಕಲೆಗೆ ಸಾಬೂನು ಹಾಕಿದರೆ ಕೆಂಪಾಗುವುದೂ ಇದಕ್ಕೇ ಇರಬೇಕು. ಇನ್ನೊಂದು ಕೇಳಲಾ? ನಮ್ಮ ಮಾವನಿಗೆ ಬಿಪಿ. ಹುಳಿ ಸರಿಯಾಗಿ ಹಾಕಿಬಿಟ್ಟರೆ ಸೋಡಾದ ಸೋಡಿಯಂ ಹೋಗಿಬಿಡುತ್ತದಾ?

ಲ್ಯಾಬ್ ಮೇಷ್ಟ್ರು:
ಕಲೆಯ ವಿಷಯ ಹೌದು, ನೀರಲ್ಲಿ ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ. ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಗಾಳಿ ಮಾತ್ರ, ಸೋಡಿಯಂ ಸಿಟ್ರೇಟ್ ಆಗಿ ತಟ್ಟೆಯಲ್ಲೇ ಕೂತಿರುತ್ತದೆ. 5 ಗ್ರಾಂ ಸೋಡಾದಲ್ಲಿ ಸುಮಾರು 1.4 ಗ್ರಾಂ ಸೋಡಿಯಂ, ಅಂದರೆ ಮೂರೂವರೆ ಗ್ರಾಂ ಉಪ್ಪಿನಷ್ಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2 ಗ್ರಾಂ ಸೋಡಿಯಂ ಮೀರಬೇಡಿ ಅನ್ನುತ್ತದೆ. ಹಾಗಾಗಿ ಮಾವನ ಪಾಲಿಗೆ ಈ ಸೋಡಾವೂ ಉಪ್ಪಿನ ಲೆಕ್ಕಕ್ಕೇ ಸೇರಲಿ.

ಒಗ್ಗರಣೆ ಸೌಟು:
ಇವತ್ತು ಮಾಡಿದೆ. ಒಂದೂ ಚುಕ್ಕೆ ಇಲ್ಲ, ಸಾಬೂನು ಇಲ್ಲ! ಎರಡು ತಟ್ಟೆಗೆ ಹುಯ್ದಿದ್ದೆ. ಮೊದಲನೆಯದು ಹೂವಿನ ಹಾಗೆ. ಎರಡನೆಯದು ಕುಕ್ಕರ್ ಖಾಲಿಯಾಗಲಿ ಅಂತ ಕಾಲು ಗಂಟೆ ಕಾದು ಚಪ್ಪಟೆಯಾಯಿತು.

ಲ್ಯಾಬ್ ಮೇಷ್ಟ್ರು:
ಕಾಯುತ್ತಾ ಕೂತಾಗ ಗಾಳಿಯೆಲ್ಲ ಹೋಗಿರುತ್ತದೆ. ಹಿಟ್ಟು ಎರಡು ಪಾಲು ಮಾಡಿಟ್ಟುಕೊಂಡು, ಎರಡನೆಯದಕ್ಕೆ ಅದರ ಸರದಿ ಬಂದಾಗಲೇ ಸೋಡಾ ಹಾಕಿ.