ದಪ್ಪ ಶಾಫ್ಟಿನ ನಡುಭಾಗದಲ್ಲಿ ಲೆಕ್ಕವೂ ಅಳತೆಯೂ ತಾಳೆಯಾಗುತ್ತಿಲ್ಲ

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿನಿ)

ಮಾನ್ಯರೇ, 100 ಮಿ.ಮೀ. ವ್ಯಾಸದ 4340 ಉಕ್ಕಿನ (ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮಿಶ್ರಲೋಹ) ಶಾಫ್ಟನ್ನು 850 ಡಿಗ್ರಿ ಸೆಲ್ಸಿಯಸ್‌ನಿಂದ ಎಣ್ಣೆಯಲ್ಲಿ ಕ್ವೆಂಚ್ ಮಾಡಿದಾಗ (ಅದ್ದಿ ತಟ್ಟನೆ ತಣಿಸಿದಾಗ) ಅದರ ಸೂಕ್ಷ್ಮರಚನೆ ಹೇಗೆ ಬದಲಾಗುತ್ತದೆ ಎಂಬುದನ್ನು ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ (ವಸ್ತುವನ್ನು ಸಣ್ಣ ತುಂಡುಗಳಾಗಿ ವಿಂಗಡಿಸುವ ಕಂಪ್ಯೂಟರ್ ವಿಧಾನ) ಲೆಕ್ಕ ಹಾಕುತ್ತಿದ್ದೇನೆ. ಕಾದ ಉಕ್ಕಿನ ರಚನೆಯಾದ ಆಸ್ಟೆನೈಟ್ ಬೇಗ ತಣಿದರೆ ಬಹಳ ಗಡಸಾದ ಮಾರ್ಟೆನ್ಸೈಟ್ ಆಗುತ್ತದೆ, ಅಷ್ಟು ಬೇಗ ತಣಿಯದಿದ್ದರೆ ಅದಕ್ಕಿಂತ ಮೃದುವಾದ ಬೈನೈಟ್ ಆಗುತ್ತದೆ. ಬೈನೈಟಿಗೆ ಅವ್ರಾಮಿ ಸಮೀಕರಣವನ್ನು (ಸಮಯದೊಂದಿಗೆ ಎಷ್ಟು ಭಾಗ ಮಾರ್ಪಡುತ್ತದೆಂದು ಹೇಳುವಂಥದು) ಶೈಲ್ ಸಂಕಲನ ನಿಯಮದೊಂದಿಗೆ (ಉಷ್ಣತೆ ಇಳಿಯುತ್ತಿರುವಾಗ ಅದನ್ನು ಹಂತಹಂತವಾಗಿ ಕೂಡಿಸುವ ನಿಯಮ), ಮಾರ್ಟೆನ್ಸೈಟಿಗೆ 1959ರ ಕೊಯಿಸ್ಟಿನೆನ್–ಮಾರ್ಬರ್ಗರ್ ಸೂತ್ರವನ್ನು (ಉಷ್ಣತೆಯೊಂದರಿಂದಲೇ ಮಾರ್ಟೆನ್ಸೈಟಿನ ಪ್ರಮಾಣ ಕೊಡುವಂಥದು) ಬಳಸಿದ್ದೇನೆ. ಉಕ್ಕಿನ ಸಂಯೋಜನೆಯಿಂದ ಲೆಕ್ಕ ಹಾಕುವ ಆಂಡ್ರ್ಯೂಸ್ ಸೂತ್ರದಂತೆ ಮಾರ್ಟೆನ್ಸೈಟ್ ಆರಂಭದ ಉಷ್ಣತೆ ಸುಮಾರು 305 ಡಿಗ್ರಿ. 25 ಡಿಗ್ರಿಗೆ ಬರುವಷ್ಟರಲ್ಲಿ ನಡುಭಾಗವೂ ಶೇ. 95ರಷ್ಟು ಮಾರ್ಟೆನ್ಸೈಟ್ ಆಗಬೇಕೆಂದು ಮಾದರಿ ಹೇಳುತ್ತದೆ. ಆದರೆ ಶಾಫ್ಟನ್ನು ಕತ್ತರಿಸಿ ಅಳೆದರೆ ಹೊರಮೈಯಲ್ಲಿ 55 ಇರುವ ರಾಕ್‌ವೆಲ್ ಸಿ ಗಡಸುತನ ನಡುವೆ 49ಕ್ಕೆ ಇಳಿದಿದೆ. ನೈಟಾಲ್ (ರಚನೆಯನ್ನು ಎತ್ತಿ ತೋರಿಸುವ ನೈಟ್ರಿಕ್ ಆಮ್ಲ–ಆಲ್ಕೊಹಾಲ್ ದ್ರಾವಣ) ಹಚ್ಚಿದ ಮೇಲೆ ಅಲ್ಲಿ ಕಪ್ಪು ಗರಿಗಳಂತೆ ಬೈನೈಟ್ ಕಾಣುತ್ತದೆ. ಅವ್ರಾಮಿ ಸ್ಥಿರಾಂಕಗಳನ್ನು ತಿದ್ದಿ ಹೊಂದಿಸಬಹುದೇ?

ಉತ್ತರ (ಉಷ್ಣೋಪಚಾರ ಘಟಕದ ಎಂಜಿನಿಯರ್)

ದಯವಿಟ್ಟು ಸ್ಥಿರಾಂಕಗಳನ್ನು ಈಗಲೇ ಮುಟ್ಟಬೇಡಿ. ಎಣ್ಣೆಯ ಉಷ್ಣವರ್ಗಾವಣೆ ಗುಣಾಂಕವನ್ನು (ಮೇಲ್ಮೈಯಿಂದ ಎಣ್ಣೆ ಶಾಖವನ್ನು ಎಷ್ಟು ಬೇಗ ಸೆಳೆಯುತ್ತದೆಂಬ ಅಳತೆ) ಎಷ್ಟು ಕೊಟ್ಟಿದ್ದೀರಿ?

ವಿದ್ಯಾರ್ಥಿನಿ

ಎಲ್ಲ ಉಷ್ಣತೆಗೂ ಒಂದೇ, ಚದರ ಮೀಟರಿಗೆ ಪ್ರತಿ ಕೆಲ್ವಿನ್‌ಗೆ 1500 ವಾಟ್.

ಉತ್ತರ (ಅದೇ ಎಂಜಿನಿಯರ್)

ತೊಡಕು ಅಲ್ಲಿಯೇ ಇರಬೇಕು. ಕೆಂಪಗೆ ಕಾದ ಶಾಫ್ಟ್ ಎಣ್ಣೆಗೆ ಇಳಿದಾಗ ಮೊದಲು ಆವಿಯ ಪೊರೆ ಅದನ್ನು ಸುತ್ತಿಕೊಳ್ಳುತ್ತದೆ, ಪೊರೆ ಹರಿದ ಮೇಲೆ ಎಣ್ಣೆ ಭೋರೆಂದು ಕುದಿಯುತ್ತದೆ, ಮೇಲ್ಮೈ ಸುಮಾರು 400 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದಂತೆ ಕುದಿತ ನಿಂತು ಬರೀ ಸಂವಹನ (ಎಣ್ಣೆಯ ಹರಿವಿನಿಂದ ಶಾಖ ಸಾಗುವುದು) ಉಳಿಯುತ್ತದೆ. ಕುದಿತದಲ್ಲಿ ಸಾವಿರಗಳಲ್ಲಿರುವ ಗುಣಾಂಕ ಈ ಕೊನೆಯ ಹಂತದಲ್ಲಿ ಕೆಲವು ನೂರಕ್ಕೆ ಬೀಳುತ್ತದೆ. ಹೊರಮೈ ಹೀಗೆ ನಿಧಾನವಾದ ಹೊತ್ತಿಗೇ ನಿಮ್ಮ ನಡುಭಾಗ ಬೈನೈಟಿನ ವಲಯವನ್ನು ದಾಟುತ್ತಿರುತ್ತದೆ, ಆದ್ದರಿಂದ ಒಂದೇ ಸಂಖ್ಯೆ ಕೊಟ್ಟರೆ ಮಾದರಿಯಲ್ಲಿ ನಡುಭಾಗ ನಿಜಕ್ಕಿಂತ ಬೇಗ ತಣಿದಂತೆ ಕಾಣುತ್ತದೆ. ಶಾಫ್ಟಿನ ತುದಿಯಿಂದ ಅಕ್ಷದುದ್ದಕ್ಕೆ ಆಳವಾಗಿ ಸಣ್ಣ ರಂಧ್ರ ಕೊರೆದು ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇಡಿ, ರಂಧ್ರದ ಬಾಯಿಗೆ ಎಣ್ಣೆ ನುಗ್ಗದಂತೆ ಮುಚ್ಚಿ, ತಣಿಯುವ ರೇಖೆಯನ್ನು ದಾಖಲಿಸಿ.

ಉತ್ತರ (ಲೋಹಶಾಸ್ತ್ರ ಸಂಶೋಧಕರು)

ಮೇಲಿನ ಮಾತನ್ನು ಒಪ್ಪುತ್ತೇನೆ. ಎರಡು ವಿಷಯ ಸೇರಿಸುವೆ. ಬೈನೈಟ್ ಹುಟ್ಟುವಾಗ ಬಿಡುಗಡೆಯಾಗುವ ಗುಪ್ತೋಷ್ಣವನ್ನು ಉಷ್ಣ ಸಮೀಕರಣದಲ್ಲಿ ಸೇರಿಸಿದ್ದೀರಾ? ಸೇರಿಸದಿದ್ದರೆ ದಪ್ಪ ಭಾಗಗಳಲ್ಲಿ ಲೆಕ್ಕ ತಪ್ಪುತ್ತದೆ. ಎರಡನೆಯದು, ಬೈನೈಟ್ ಬೆಳೆಯುವಾಗ ಕಾರ್ಬೈಡ್ ಆಗದೆ ಉಳಿದ ಕಾರ್ಬನ್ ಸುತ್ತಲಿನ ಆಸ್ಟೆನೈಟಿಗೆ ಸರಿಯುತ್ತದೆ. ಆಸ್ಟೆನೈಟಿನ ಕಾರ್ಬನ್ ಶೇ. 0.40ರಿಂದ 0.50ಕ್ಕೆ ಏರಿದರೂ ಸಾಕು, ಆಂಡ್ರ್ಯೂಸ್ ಸೂತ್ರದಂತೆ ಮಾರ್ಟೆನ್ಸೈಟ್ ಆರಂಭ ಸುಮಾರು 42 ಡಿಗ್ರಿ ಕೆಳಗಿಳಿಯುತ್ತದೆ. ಆಗ 25 ಡಿಗ್ರಿಯಲ್ಲಿ ಆ ಆಸ್ಟೆನೈಟಿನ ಶೇ. 7ರಷ್ಟು ಮಾರ್ಪಡದೆ ಉಳಿಯುತ್ತದೆ, ಮೊದಲಿನ ಲೆಕ್ಕದಲ್ಲಿ ಅದು ಶೇ. 5ಕ್ಕಿಂತ ಕಡಿಮೆ. ಇಡೀ ಶಾಫ್ಟಿಗೆ 305 ಎಂದು ಕಟ್ಟಿಹಾಕುವುದು ಸರಿಯಲ್ಲ.

ವಿದ್ಯಾರ್ಥಿನಿ

ಥರ್ಮೋಕಪಲ್ ಇಟ್ಟು ಅಳೆದೆವು. 430 ಡಿಗ್ರಿಯ ಆಸುಪಾಸಿನಲ್ಲಿ ರೇಖೆ ಕೆಲಕಾಲ ಬಹುತೇಕ ಮಟ್ಟಸವಾಗಿ ಸಾಗಿ ಮತ್ತೆ ಇಳಿಯಿತು. ಗುಪ್ತೋಷ್ಣದ ಗುರುತು ಕಣ್ಣೆದುರೇ ಇತ್ತು. ಮೂರು ಹಂತದ ಗುಣಾಂಕವನ್ನೂ ಗುಪ್ತೋಷ್ಣವನ್ನೂ ಸೇರಿಸಿದ ಮೇಲೆ ನಡುಭಾಗದಲ್ಲಿ ಬೈನೈಟ್ ಬರುತ್ತಿದೆ, ಅವ್ರಾಮಿ ಸ್ಥಿರಾಂಕಗಳು ಮೊದಲಿನಂತೆಯೇ ಇವೆ. ಕಾರ್ಬನ್ನಿನ ತಿದ್ದುಪಡಿಯನ್ನು ಮುಂದಿನ ವಾರ ಸೇರಿಸುತ್ತೇನೆ.