ಹವ್ಯಾಸಕ್ಕಾಗಿ ಹೊಸ ಭಾಷೆ ಕಟ್ಟುವಾಗ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಮಡಿಕೇರಿ):
ಜಡಿಮಳೆಯಲ್ಲಿ ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ ನಾನೊಂದು ಕಾಲ್ಪನಿಕ ಭಾಷೆಯನ್ನು ಕಟ್ಟತೊಡಗಿದ್ದೇನೆ. ಪದಪಟ್ಟಿ ಸಾಕಷ್ಟು ಬೆಳೆದಿದೆಯಾದರೂ, ವಾಕ್ಯ ರಚಿಸಿದರೆ ಕನ್ನಡದ ವಾಕ್ಯಕ್ಕೇ ಬೇರೆ ಪದಗಳನ್ನು ತೊಡಿಸಿದಂತೆ ಕಾಣುತ್ತದೆ. ಇದಕ್ಕೇನು ಪರಿಹಾರ?

ಉತ್ತರ (ವಿರಾಜಪೇಟೆ):
ಪದಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಧ್ವನಿಗಳನ್ನು ನಿರ್ಧರಿಸಿ. ನಮ್ಮ ಕೊಡವ ತಕ್ಕಿನಲ್ಲೇ ಕನ್ನಡ ಲಿಪಿಗೆ ಸುಲಭವಾಗಿ ಒಗ್ಗದ ಸ್ವರಗಳಿವೆಯಲ್ಲ. ಆಮೇಲೆ ಕನ್ನಡದ ವ್ಯಾಕರಣ ಮಾಡದ ಭೇದವೊಂದನ್ನು ಆರಿಸಿಕೊಳ್ಳಿ. ಕೇಳುವವರನ್ನೂ ಸೇರಿಸಿಕೊಂಡು ಹೇಳುವ ‘ನಾವು’, ಅವರನ್ನು ಬಿಟ್ಟು ಹೇಳುವ ‘ನಾವು’ ಇಂದಿನ ಕನ್ನಡದಲ್ಲಿ ಒಂದೇ. ತುಳುವಿನಲ್ಲಿ ಮೊದಲನೆಯದು ‘ನಮ’, ಎರಡನೆಯದು ‘ಎಂಕುಳು’. ತುರ್ಕಿ ಭಾಷೆಯಲ್ಲಿ ‘ಗೆಲ್ದಿ’ ಎಂದರೆ ಬಂದರು, ‘ಗೆಲ್ಮಿಶ್’ ಎಂದರೆ ಬಂದರಂತೆ. ಕಂಡು ಹೇಳಿದ್ದೋ ಕೇಳಿ ಹೇಳಿದ್ದೋ ಎಂಬುದನ್ನು ಕ್ರಿಯಾಪದದ ಪ್ರತ್ಯಯವೇ ತಿಳಿಸುತ್ತದೆ. ಇಂಥ ಒಂದೇ ನಿಯಮವನ್ನು ಕಡ್ಡಾಯಗೊಳಿಸಿದರೂ ವಾಕ್ಯದ ಚಹರೆ ಬದಲಾಗುತ್ತದೆ.

ಉತ್ತರ (ಸೋಮವಾರಪೇಟೆ):
ಮೇಲಿನ ಸಲಹೆ ಸರಿಯೇ, ಆದರೆ ಭೇದಗಳನ್ನು ಪೇರಿಸುತ್ತಲೇ ಹೋಗುವ ಚಪಲ ಈ ಹವ್ಯಾಸಕ್ಕೆ ಅಂಟಿಕೊಂಡೇ ಬರುತ್ತದೆ. 1887ರಲ್ಲಿ ಝಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊ ಭಾಷೆಯನ್ನು ಗಮನಿಸಿ: ನಾಮಪದ ‘ಒ’ಕಾರದಿಂದಲೂ ಗುಣವಾಚಕ ‘ಅ’ಕಾರದಿಂದಲೂ ಕೊನೆಗೊಳ್ಳುತ್ತದೆ, ‘ಮಲ್’ ಎಂಬುದನ್ನು ಮುಂದೆ ಸೇರಿಸಿದರೆ ಅರ್ಥ ತಿರುವುಮುರುವಾಗುತ್ತದೆ. ‘ಬೋನ’ ಒಳ್ಳೆಯದು, ‘ಮಲ್‌ಬೋನ’ ಕೆಟ್ಟದ್ದು. ಪದ ಹುಟ್ಟಿಸುವ ಶ್ರಮ ಎಷ್ಟೊಂದು ಉಳಿಯಿತು ನೋಡಿ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತುಳುವಿನಂತೆ ಎರಡು ‘ನಾವು’ಗಳನ್ನು ಇಟ್ಟುಕೊಂಡರೆ, ಕ್ರಿಯಾಪದದ ಪ್ರತ್ಯಯವೂ ಅದಕ್ಕನುಗುಣವಾಗಿ ಬದಲಾಗಬೇಕೇ, ಅಥವಾ ಸರ್ವನಾಮವೊಂದೇ ಸಾಕೇ?